ಲಾವಾ ಕಲ್ಲಿನ ಕಡಲತಡಿಗೆ: ನಿಪ್ಪಾಣಿಯ ದಾರಿಯಿಂದ ಕೊಂಕಣ ನೋಡುವ ಬಗೆ

ವಿಜಯಪುರದ ಗೋಳಗುಮ್ಮಟದ ಕಪ್ಪು ಕಲ್ಲು, ಅದರ ಸುತ್ತಲಿನ ಎರೆ ಭೂಮಿ ಮತ್ತು ಮಹಾರಾಷ್ಟ್ರದ ಕೊಂಕಣ ತೀರದ ದೇವಗಡದ ಸಮುದ್ರದಂಚಿನ ಬಂಡೆಗಳು ಮೂಲದಲ್ಲಿ ಒಂದೇ. ಸುಮಾರು 6.6 ಕೋಟಿ ವರ್ಷಗಳ ಹಿಂದೆ ನೆಲದ ಬಿರುಕುಗಳಿಂದ ಉಕ್ಕಿದ ಲಾವಾ, ಪದರದ ಮೇಲೆ ಪದರವಾಗಿ ಹರಿದು ಆರಿ, ದಖ್ಖನ್ನಿನ ಈ ಭಾಗವನ್ನು ಕಟ್ಟಿತು. ಆ ಪದರಗಳು ಕಡಲಿನವರೆಗೆ ಇಳಿಯುವುದನ್ನು ನೋಡಬಯಸುವವರು ವಾಡಿಕೆಯಂತೆ ಗೋವೆಗೆ ಹೋಗದೆ, ದೇವಗಡದಿಂದ ರತ್ನಾಗಿರಿಯವರೆಗಿನ ತೀರವನ್ನು ಆರಿಸಿಕೊಳ್ಳಬೇಕು. ಗೋವೆಯ ತೀರದ ಬಂಡೆಗಳು ಬಹುಮಟ್ಟಿಗೆ ಇದಕ್ಕಿಂತ ಬಹಳ ಹಳೆಯವು.

ಬೆಳಗಾವಿಯವರು ಸಂಕೇಶ್ವರದ ಮೇಲೆ, ವಿಜಯಪುರದವರು ಅಥಣಿ, ಚಿಕ್ಕೋಡಿಯ ಮೇಲೆ ಮತ್ತು ಬಾಗಲಕೋಟೆಯವರು ಮುಧೋಳದ ಮೇಲೆ ನಿಪ್ಪಾಣಿ ಸೇರಿ, ಅಲ್ಲಿಂದ ರಾಧಾನಗರಿ, ದಾಜಿಪುರದ ಕಾಡು, ಫೋಂಡಾ ಘಾಟು ಮತ್ತು ಕಣಕವಲಿ ದಾಟಿ ದೇವಗಡಕ್ಕೆ ಇಳಿಯಬಹುದು. ಅಕ್ಟೋಬರಿನಿಂದ ಫೆಬ್ರುವರಿಯವರೆಗಿನ ಕಾಲ ಒಳ್ಳೆಯದು. ಮಳೆಗಾಲದಲ್ಲಿ ಘಟ್ಟದ ಹಸಿರು ಚೆಲುವಾಗಿದ್ದರೂ ಮಂಜು ಮುಸುಕಿ ಕಲ್ಲು ಕಾಣದು, ಗುಡ್ಡ ಕುಸಿಯುವ ಭಯವೂ ಇರುತ್ತದೆ.

ಘಟ್ಟವನ್ನು ಹಗಲಿನಲ್ಲಿಯೇ ಇಳಿಯಬೇಕು. ರಸ್ತೆ ಅಗಲವಾಗಿರುವಲ್ಲಿ ವಾಹನ ನಿಲ್ಲಿಸಿ ಎದುರಿನ ಗುಡ್ಡ ನೋಡಿದರೆ, ಅದರ ಮೈ ಮೆಟ್ಟಿಲುಗಳಂತೆ ಕಾಣುತ್ತದೆ. ಗಟ್ಟಿ ಪದರ ಕಡಿದಾಗಿ ಉಳಿದು, ಮೆತ್ತನೆಯದು ಸವೆದು ಇಳಿಜಾರಾಗಿರುವುದರಿಂದ ಹೀಗಾಗಿದೆ. ರಸ್ತೆಗಾಗಿ ಕಡಿದ ಗೋಡೆಯಲ್ಲಿ ಎರಡು ಕಪ್ಪು ಪದರಗಳ ನಡುವೆ ಇಟ್ಟಿಗೆ ಬಣ್ಣದ ತೆಳು ಪಟ್ಟಿ ಕಂಡರೆ, ಒಂದು ಲಾವಾ ಹರಿವಿಗೂ ಮುಂದಿನದಕ್ಕೂ ನಡುವಿನ ಬಿಡುವಿನಲ್ಲಿ ಮೂಡಿದ ಮಣ್ಣು ಅದೆಂದು ತಿಳಿಯಬಹುದು.

ಸಮುದ್ರದಂಚಿನಲ್ಲಿ ಎಲ್ಲವೂ ಇಳಿತದ ವೇಳೆಯನ್ನು ಅವಲಂಬಿಸಿದೆ, ಪ್ರವಾಸಿಗರಲ್ಲಿ ಹೆಚ್ಚಿನವರು ಗಮನಿಸದೆ ಹೋಗುವುದೂ ಇದನ್ನೇ. ಅಲೆಗಳು ಸವೆಸಿದ ಕಪ್ಪು ಬಂಡೆಯ ಹಾಸು ಉಬ್ಬರದಲ್ಲಿ ಪೂರ್ತಿ ಮುಳುಗಿರುತ್ತದೆ. ಅಮಾವಾಸ್ಯೆ ಮತ್ತು ಹುಣ್ಣಿಮೆಯ ಆಸುಪಾಸಿನಲ್ಲಿ ನೀರು ಅತಿ ಹೆಚ್ಚು ಹಿಂದೆ ಸರಿಯುತ್ತದೆ, ಮತ್ತು ಈ ತೀರದಲ್ಲಿ ಆ ದಿನಗಳ ಇಳಿತ ಸುಮಾರಾಗಿ ಬೆಳಗಿನ ಮತ್ತು ಸಂಜೆಯ ಹೊತ್ತಿಗೆ ಬರುತ್ತದೆ; ಆದ್ದರಿಂದ ಪಂಚಾಂಗ ನೋಡಿ ದಿನ ಗೊತ್ತುಮಾಡಿಕೊಳ್ಳುವುದು ಲೇಸು. ಇಳಿತದ ವೇಳೆ ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತ ಹೋಗುವುದರಿಂದ, ಹಿಂದಿನ ರಾತ್ರಿಯೇ ಮೀನುಗಾರರನ್ನು ‘ಓಹೋಟಿ (ಮರಾಠಿಯಲ್ಲಿ ಇಳಿತ) ಎಷ್ಟಕ್ಕೆ’ ಎಂದು ಕೇಳಿದರೆ ಸರಿಯಾದ ಹೊತ್ತು ಹೇಳುತ್ತಾರೆ. ಬಂಡೆಯ ಮೇಲೆ ಕುಳಿತು ಹತ್ತಿರದಿಂದ ನೋಡಿದರೆ ಲಾವಾದಲ್ಲಿ ಸಿಕ್ಕಿಕೊಂಡ ಅನಿಲ ಬಿಟ್ಟುಹೋದ ಗುಳ್ಳೆಯ ಗುರುತುಗಳೂ, ಕೆಲವೆಡೆ ಅವುಗಳಲ್ಲಿ ತುಂಬಿಕೊಂಡ ಬಿಳಿ ಹರಳುಗಳೂ ಕಾಣುತ್ತವೆ. ಹಸಿರು ಪಾಚಿಯ ಮೇಲೆ ಕಾಲಿಡಬಾರದು. ನೀರು ತಿರುಗುತ್ತಲೇ ಹಿಂದಿರುಗಬೇಕು.

ದೇವಗಡದ ಕಿನಾರೆ, ಕುಣಕೇಶ್ವರದ ಗುಡಿಯ ಮುಂದಿನ ಮರಳು ಮತ್ತು ವಾಘೋಟನ್ ನದಿಯ ಮುಖದಲ್ಲಿ ಮೂರು ಕಡೆ ಕಡಲಿರುವ ವಿಜಯದುರ್ಗವನ್ನು ಒಂದು ದಿನದಲ್ಲಿ ನೋಡಬಹುದು. ಕೋಟೆಗಿಂತ ಅದು ನಿಂತ ಭೂಶಿರವೇ ನನಗೆ ಹೆಚ್ಚು ಮೆಚ್ಚು. ಗುಡ್ಡಗಳ ನೆತ್ತಿಯ ಕೆಂಪು ಜಂಬಿಟ್ಟಿಗೆಯ ಬಯಲು ಲಾವಾ ಕಲ್ಲೇ ಮಳೆ, ಬಿಸಿಲಿಗೆ ಕೊಳೆತು ಆದದ್ದು. ಆಪೂಸ್ ಮಾವಿನ ತೋಪುಗಳು ಇರುವುದು ಇಂತಹ ನೆಲದಲ್ಲಿಯೇ.

ಉತ್ತರಕ್ಕೆ ಹೊರಟರೆ ರಾಜಾಪುರದ ಬಳಿ ಉನ್ಹಾಳೆಯ ಬಿಸಿನೀರ ಬುಗ್ಗೆ ಸಿಗುತ್ತದೆ. ಅದನ್ನು ಕಂಡು ಜ್ವಾಲಾಮುಖಿ ಇನ್ನೂ ಜೀವಂತವೆಂದು ಭಾವಿಸಬೇಕಿಲ್ಲ. ಆಳಕ್ಕೆ ಇಳಿದ ಮಳೆನೀರು ಭೂಗರ್ಭದ ಸಹಜ ಶಾಖದಿಂದ ಕಾಯ್ದು ಬಿರುಕುಗಳ ಮೂಲಕ ಮೇಲೆ ಬರುತ್ತದೆ. ರತ್ನಾಗಿರಿಯಲ್ಲಿ ಮಾಂಡವಿಯ ಕಪ್ಪು ಮರಳನ್ನು ತಪ್ಪದೆ ನೋಡಬೇಕು. ಮಕ್ಕಳು ಜೊತೆಗಿದ್ದರೆ ಸಣ್ಣ ಆಯಸ್ಕಾಂತ ಒಯ್ಯಿರಿ, ಒಣ ಮರಳಿನಲ್ಲಿ ಆಡಿಸಿದರೆ ಕರಿ ಕಣಗಳು ಅದಕ್ಕೆ ಮೀಸೆಯಂತೆ ಅಂಟಿಕೊಳ್ಳುತ್ತವೆ.

ಮರಳುವಾಗ ಅಂಬಾ ಘಾಟು ಹತ್ತಿ ಕೊಲ್ಹಾಪುರದ ಮೇಲೆ ಹೆದ್ದಾರಿ ಸೇರಿದರೆ, ಬಂದ ದಾರಿಯನ್ನೇ ಮತ್ತೆ ತುಳಿಯಬೇಕಾಗುವುದಿಲ್ಲ.