ಕಕ್ಕಡ ದಾಟಿದ ನನ್ನ ಆಂಥೂರಿಯಂ

"ಕಕ್ಕಡ ದಾಟಲಿ, ಆಮೇಲೆ ಜಂಬ ಕೊಚ್ಚು." ನನ್ನ ಆಂಥೂರಿಯಂ ಹೂಗಿಡ ನೋಡಿ ಅತ್ತೆ ಮೂರು ವರ್ಷ ಇದನ್ನೇ ಹೇಳಿದರು. ಕಕ್ಕಡ ಅಂದರೆ ನಮ್ಮ ಕೊಡಗಿನಲ್ಲಿ ಜುಲೈ-ಆಗಸ್ಟ್‌ನ ಜಡಿಮಳೆಯ ತಿಂಗಳು. ಮೊದಲೆರಡು ವರ್ಷ ಅವರ ಮಾತೇ ನಿಜವಾಯಿತು.

ನಮ್ಮದು ಸುಂಟಿಕೊಪ್ಪದ ಕಡೆ ಕಾಫಿ ತೋಟ. ನಾಲ್ಕು ಕುಂಡ ಆಂಥೂರಿಯಂ ಇಲ್ಲಿ ಯಾರ ಮನೆಯಲ್ಲಿಲ್ಲ ಹೇಳಿ? 200 ಇಟ್ಟಾಗಲೇ ಕಷ್ಟ ಗೊತ್ತಾಗುವುದು.

ಮೊದಲ ಸಲ ಲ್ಯಾಬಿನಲ್ಲಿ ಬೆಳೆಸಿದ ಟಿಶ್ಯೂ ಕಲ್ಚರ್ ಸಸಿ, ಒಂದಕ್ಕೆ 60 ರೂಪಾಯಿಯಂತೆ ತಂದೆ. ಕಾಡುಮಣ್ಣು, ಹಟ್ಟಿಗೊಬ್ಬರ, ಮೇಲೆ ಬಿಸಿಲನ್ನು 75 ಪರ್ಸೆಂಟ್ ತಡೆಯುವ ಶೇಡ್ ನೆಟ್. ಮೇ ತನಕ ಚೆಂದವೋ ಚೆಂದ. ಜುಲೈಯಲ್ಲಿ ಒಂದನ್ನು ಎಳೆದು ನೋಡಿದರೆ ಬೇರೆಲ್ಲ ಕಪ್ಪಾಗಿ ಕೊಳೆತು ನಾರುತ್ತಿತ್ತು. ಸುಮಾರು 130 ಗಿಡ ಹೋಯಿತು.

ಎರಡನೇ ವರ್ಷ ಮಣ್ಣನ್ನೇ ಬಿಟ್ಟೆ. ಹಳೇ ಹೆಂಚಿನ ಚೂರು, ಇದ್ದಿಲು, ತೆಂಗಿನ ಸಿಪ್ಪೆ. ಸಿಪ್ಪೆಯನ್ನು ಹತ್ತು ದಿನ ನೆನೆಸಿ, ನೀರಿನ ಕೆಂಪು ಹೋಗುವ ತನಕ ಬದಲಿಸಿದೆ. ಬೇರು ಉಳಿಯಿತು. ರೋಗ ಎಲೆಗೆ ಬಂತು. ಅಂಚಿನಲ್ಲಿ ಎಣ್ಣೆ ಬಿದ್ದಂಥ ಚುಕ್ಕೆ, ಸುತ್ತ ಹಳದಿ, ಕೊನೆಗೆ ಗಿಡವೇ ಕುಸಿಯುತ್ತದೆ. ನೋಡಿದವರಿಗೆ ಗೊತ್ತು, ಬ್ಯಾಕ್ಟೀರಿಯಾ ರೋಗ. ಆಗ ನಾನೊಂದು ದಡ್ಡತನ ಮಾಡಿದೆ. ಕರಿಮೆಣಸಿಗೆ ಕಲಸಿದ ಬೋರ್ಡೋ (ತಾಮ್ರವಿರುವ ಮೈಲುತುತ್ತ, ಸುಣ್ಣದ ದ್ರಾವಣ) ಉಳಿದಿತ್ತು. ಸುಮ್ನೆ ಯಾಕೆ ಚೆಲ್ಲೋದು ಅಂತ ಹೊಡೆಸಿದೆ. ಆಂಥೂರಿಯಂಗೆ ತಾಮ್ರ ಆಗುವುದಿಲ್ಲ. ರೋಗ ಉಳಿಸಿದ ಎಲೆಯನ್ನು ಬೋರ್ಡೋ ಸುಟ್ಟಿತು. ಗಿಡ ಚೇತರಿಸಲಿ ಅಂತ ಮೇಲೆ ಯೂರಿಯಾ ಬೇರೆ! ಎಲೆ ಮೆತ್ತಗಾಗಿ ರೋಗಕ್ಕೆ ಇನ್ನೂ ಸುಲಭವಾಯಿತು. ಅರ್ಧಕ್ಕರ್ಧ ಸತ್ತವು.

ಬುದ್ಧಿ ಬಂದದ್ದು ಜಗಲಿಯಲ್ಲಿದ್ದ ನಾಲ್ಕು ಕುಂಡ ನೋಡಿ. ಅವಕ್ಕೂ ಅದೇ ಮಂಜು, ಅದೇ ಥಂಡಿ, ಆದರೆ ಒಂದು ಚುಕ್ಕೆಯೂ ಇಲ್ಲ. ಮಾಡಿನ ಕೆಳಗಿದ್ದುದರಿಂದ ಮಳೆಹನಿ ಮಾತ್ರ ಬೀಳುತ್ತಿರಲಿಲ್ಲ. ನೆಟ್ ಮಳೆಯನ್ನು ತಡೆಯುವುದಿಲ್ಲ, ಸೋಸುತ್ತದೆ ಅಷ್ಟೇ. ಒಂದು ಎಲೆಯಿಂದ ಸಿಡಿದ ಹನಿ ಪಕ್ಕದ ಗಿಡಕ್ಕೂ ರೋಗ ಹಂಚುತ್ತದೆ.

ಪ್ಲಾಸ್ಟಿಕ್ ಹೊದಿಕೆಯ ಪಾಲಿಹೌಸ್‌ಗೆ ಎರಡೂವರೆ ಲಕ್ಷದ ಅಂದಾಜು ಬಂತು. ನಮ್ಮೆಜಮಾನರು ಆ ಕಾಗದವನ್ನು ನೋಡಿ, ಮಡಚಿ, ನನ್ನ ಕೈಗೇ ಕೊಟ್ಟರು. ನಾನು ಬಿಸಿಲಿಗೆ ಬೇಗ ಹಾಳಾಗದ ಯುವಿ ಪ್ಲಾಸ್ಟಿಕ್ ಶೀಟ್ ತಂದು ನೆಟ್ ಮೇಲೆ ಹೊದಿಸಿದೆ. ಬಿದಿರು, ಕೂಲಿ ಸೇರಿ 14-15 ಸಾವಿರ. ಬದಿ ಪೂರ್ತಿ ತೆರೆದಿರಬೇಕು, ಗಾಳಿ ಆಡಬೇಕು. ಇಳಿಜಾರು ಜಾಸ್ತಿ ಇರಲಿ. ಮೊದಲ ವಾರವೇ ನೀರು ನಿಂತು ಬಿದಿರು ಮುರಿದು ನನ್ನ ತಲೆ ಮೇಲೆ ಒಂದು ಬಿಂದಿಗೆಯಷ್ಟು ಸುರಿಯಿತು. ಜೂನ್ ಶುರುವಿಗೆ ಹೊದಿಸುತ್ತೇನೆ, ಸೆಪ್ಟೆಂಬರ್ ಶುರುವಿನ ಕೈಲ್ ಮುಹೂರ್ತ ಹಬ್ಬ ಕಳೆದ ಮೇಲೆ ಮಳೆ ನೋಡಿ ಸುತ್ತಿಡುತ್ತೇನೆ. ಕುಂಡಗಳು ಅಡಿಕೆ ದಬ್ಬೆಯ ಅಟ್ಟಣೆ ಮೇಲೆ. ನೀರು ಬುಡಕ್ಕೆ ಮಾತ್ರ. ಹೂ ಕೊಯ್ಯುವ ಚಾಕುವನ್ನು ಪ್ರತಿ ಗಿಡಕ್ಕೂ ಬ್ಲೀಚಿಂಗ್ ನೀರಿನಲ್ಲಿ ಅದ್ದುತ್ತೇನೆ. ಮಾರ್ಚ್-ಏಪ್ರಿಲ್‌ನಲ್ಲಿ ಗಾಳಿ ಒಣಗಿದಾಗ ನೆಲಕ್ಕೆ ನೀರು ಚಿಮುಕಿಸಿದರೆ ಸಾಕು.

ಮೂರನೇ ವರ್ಷ 150 ಗಿಡದಲ್ಲಿ ಸತ್ತದ್ದು ಆರೋ ಏಳೋ. ಗಿಡಕ್ಕೆ ವರ್ಷಕ್ಕೆ ಆರೇಳು ಹೂವು, ಒಂದಕ್ಕೆ 8ರಿಂದ 12 ರೂಪಾಯಿ. ಅದರಲ್ಲಿ ಶೀಟಿನ ಸಾಲ ತೀರಲಿಲ್ಲ. ಕಾಸು ಬಂದದ್ದು ಬುಡದ ಮರಿಗಿಡ ಬಿಡಿಸಿ, ಕುಂಡಕ್ಕೆ ಹಾಕಿ, ಒಂದಕ್ಕೆ 150 ರೂಪಾಯಿಗೆ ಮಾರಿದ್ದರಿಂದ. ಹದಿನೈದು ದಿನಕ್ಕೊಮ್ಮೆ ಹಾಕುವ ಗೊಬ್ಬರದ ತಿಳಿನೀರಿನಲ್ಲಿ ಏನಿದೆ ಅಂತ ನಾದಿನಿಗೂ ಹೇಳಿಲ್ಲ. ಕಾಫಿ ಸಿಪ್ಪೆ ಅಲ್ಲ, ಅಷ್ಟು ಹೇಳಬಲ್ಲೆ.

ನಡುವೆ ಹೈಡ್ರೇಂಜಿಯ ಹೂವಿನ ಹುಚ್ಚೂ ಹಿಡಿಯಿತು. ನಮ್ಮ ಹುಳಿ ಮಣ್ಣಿಗೆ ಅದು ನೀಲಿಯೇ ಬಿಡುವುದು. ಬೋರ್ಡೋಗೆ ಸುಣ್ಣ ಕದಡುವ ಜಾಗದ ಹತ್ತಿರದ್ದು ಮಾತ್ರ ಗುಲಾಬಿ ಬಣ್ಣಕ್ಕೆ ತಿರುಗಿತ್ತು. ಬೇಕಂತಲೇ ಇನ್ನೆರಡಕ್ಕೆ ಸುಣ್ಣ ಹಾಕಿದೆ. ಒಂದು ಗುಲಾಬಿಯಾಯಿತು, ಇನ್ನೊಂದು ಎಲೆ ಬಿಳಿಚಿ ಕೂತಿದೆ. ಕೈ ಜಾಸ್ತಿಯಾಯಿತು ಅನ್ನಿಸುತ್ತದೆ.

ಬಸವನಹುಳಕ್ಕೆ ಮಾತ್ರ ನನ್ನಲ್ಲಿ ಉಪಾಯವಿಲ್ಲ. ರಾತ್ರಿ ಟಾರ್ಚ್ ಹಿಡಿದು ಹೆಕ್ಕುವುದೇ.

ಕಳೆದ ಕಕ್ಕಡದಲ್ಲಿ ಅತ್ತೆ ಕೊಡೆ ಹಿಡಿದು ಬಂದು, ಶೀಟ್ ಕೆಳಗೆ ನಿಂತು ಹೂವು ಎಣಿಸಿದರು. 43 ಅಂದರು. ಬೆಳಗ್ಗೆ ನಾನು ಎಣಿಸಿದಾಗ 46 ಇತ್ತು. ನಾದಿನಿ ಅವತ್ತೇ ಊರಿಗೆ ಹೋಗಿದ್ದಳು.