ಇಂಗ್ಲೆಂಡಿನ ಶಾಲೆಗಳಲ್ಲಿ ಸ್ವಯಂಸೇವಕರಾಗಿ ವಿಜ್ಞಾನ ಕಲಿಸಬಯಸುವ ಕನ್ನಡಿಗರಿಗೆ

ಇಂಗ್ಲೆಂಡಿಗೆ ಹೊಸದಾಗಿ ಬರುವ ಕನ್ನಡಿಗರಲ್ಲಿ ಎಂಜಿನಿಯರುಗಳು, ಸಂಶೋಧಕರು, ವೈದ್ಯರು, ಅವರೊಂದಿಗೆ ಬಂದು ತಮ್ಮ ವೃತ್ತಿಗೆ ಮರಳಲು ಕಾಯುತ್ತಿರುವ ಗಂಡಂದಿರು, ಹೆಂಡಂದಿರು ಬಹಳ ಮಂದಿ ಇದ್ದಾರೆ. ಮನೆ ಹಿಡಿದು, ಬ್ಯಾಂಕ್ ಖಾತೆ ತೆರೆದು ಒಂದಿಷ್ಟು ಉಸಿರಾಡುವಷ್ಟು ಹೊತ್ತಿಗೆ ಅವರಲ್ಲಿ ಹಲವರು ಕೇಳುವ ಪ್ರಶ್ನೆ ಒಂದಿದೆ: ಇಲ್ಲಿನ ಶಾಲೆಯ ಮಕ್ಕಳಿಗೆ ವಿಜ್ಞಾನವನ್ನೋ ಕಂಪ್ಯೂಟರನ್ನೋ ಸಂಬಳವಿಲ್ಲದೆ ಕಲಿಸಲು ಅವಕಾಶವಿದೆಯೇ? ಧಾರಾಳವಾಗಿ ಇದೆ. ಆದರೆ ಶಾಲೆಗಳಿಗೆ ಬೇಕಾಗಿರುವುದು ವರ್ಷಕ್ಕೊಮ್ಮೆ ಬಂದು ಉಪನ್ಯಾಸ ಕೊಟ್ಟು ಹೋಗುವ ಪಂಡಿತರಿಗಿಂತ, ತರಗತಿಯ ಶಿಕ್ಷಕರ ಪಕ್ಕದಲ್ಲಿ ನಿಂತು, ಒಪ್ಪಿಕೊಂಡ ದಿನ ತಪ್ಪದೆ ಬರುವ ಸಹಾಯಕರು ಎಂಬುದನ್ನು ಮೊದಲೇ ಮನಸ್ಸಿಗೆ ತಂದುಕೊಂಡರೆ ಮುಂದಿನ ಎಲ್ಲವೂ ಸರಾಗವಾಗುತ್ತದೆ.

ವೀಸಾದ ವಿಚಾರವನ್ನು ಮೊದಲು ನೋಡಿಕೊಳ್ಳಬೇಕು. ಸ್ಕಿಲ್ಡ್ ವರ್ಕರ್ ವೀಸಾದಲ್ಲಿರುವವರು ಮತ್ತು ಅವರ ಡಿಪೆಂಡೆಂಟ್ ಆಗಿ ಬಂದವರು ಇಂಥ ಸೇವೆ ಮಾಡಲು ಅಡ್ಡಿಯಿಲ್ಲ. ಸ್ಟೂಡೆಂಟ್ ವೀಸಾದಲ್ಲಿರುವವರು ಸ್ವಲ್ಪ ಎಚ್ಚರದಿಂದಿರಬೇಕು: ಒಪ್ಪಂದ ಮತ್ತು ಗೊತ್ತುಪಡಿಸಿದ ಹೊಣೆಗಾರಿಕೆ ಇರುವ ಕೆಲಸವಾದರೆ, ಅದಕ್ಕೆ ಸಂಬಳ ಇಲ್ಲದಿದ್ದರೂ, ಪದವಿ ಮಟ್ಟದ ವಿದ್ಯಾರ್ಥಿಗಳಿಗೆ ಪಾಠದ ಅವಧಿಯಲ್ಲಿರುವ ವಾರಕ್ಕೆ 20 ಗಂಟೆಗಳ ಮಿತಿಯೊಳಗೆ ಅದೂ ಸೇರುತ್ತದೆ, ಅಂಥ ಬಂಧನವಿಲ್ಲದೆ ನೆರವಾಗುವುದು ಸೇರುವುದಿಲ್ಲ. ಅನುಮಾನವಿದ್ದರೆ ನಿಮ್ಮ ವಿಶ್ವವಿದ್ಯಾಲಯದ ಅಂತರರಾಷ್ಟ್ರೀಯ ವಿದ್ಯಾರ್ಥಿಗಳ ಕಚೇರಿಯಲ್ಲಿ ಬರಹದಲ್ಲಿಯೇ ಕೇಳಿ ಉತ್ತರ ಪಡೆಯಿರಿ. ಮಕ್ಕಳನ್ನು ನೋಡಲು ವಿಸಿಟರ್ ವೀಸಾದಲ್ಲಿ ಬರುವ ನಿವೃತ್ತ ವಿಜ್ಞಾನ ಶಿಕ್ಷಕರಾದ ತಂದೆತಾಯಿಯರೂ ಈ ಪ್ರಶ್ನೆ ಕೇಳುತ್ತಾರೆ. ನೋಂದಾಯಿತ ಸೇವಾಸಂಸ್ಥೆಗಾಗಿ ಒಟ್ಟು 30 ದಿನಗಳವರೆಗೆ ಅವರು ಸ್ವಯಂಸೇವೆ ಮಾಡಬಹುದು. ಆದರೆ ಮುಂದೆ ಹೇಳುವ ತಪಾಸಣೆಗಳಿಗೆ ಹಿಡಿಯುವ ಸಮಯವನ್ನು ನೋಡಿದರೆ ಅವರಿಗೆ ಶಾಲೆಗಿಂತ ವಿಜ್ಞಾನ ಸಂಗ್ರಹಾಲಯವೋ ಗ್ರಂಥಾಲಯವೋ ಅನುಕೂಲ ಎಂಬುದು ನನ್ನ ಅನಿಸಿಕೆ.

ಶಾಲೆಯ ಬಾಗಿಲಿಗೇ ನೇರವಾಗಿ ಹೋಗಿ ನಿಲ್ಲಬೇಡಿ. ಪರಿಚಯವಿಲ್ಲದವರನ್ನು ಇಲ್ಲಿನ ಯಾವ ಶಾಲೆಯೂ ಒಳಗೆ ಬಿಡುವುದಿಲ್ಲ, ಬಿಡಲೂಬಾರದು. ಎಲ್ಲಕ್ಕಿಂತ ನೇರವಾದ ದಾರಿ ಎಂದರೆ ಸ್ಟೆಮ್ ಲರ್ನಿಂಗ್ ಸಂಸ್ಥೆ ನಡೆಸುವ ಸ್ಟೆಮ್ ಅಂಬಾಸಡರ್ಸ್ ಯೋಜನೆಗೆ ಹೆಸರು ನೋಂದಾಯಿಸುವುದು. ವಿಜ್ಞಾನ, ತಂತ್ರಜ್ಞಾನ, ಎಂಜಿನಿಯರಿಂಗ್, ಗಣಿತ ಕ್ಷೇತ್ರದವರನ್ನು ಶಾಲೆಗಳಿಗೆ ಪರಿಚಯಿಸುವ ಈ ಯೋಜನೆ ಶಾಲೆಗೂ ಉಚಿತ, ನಿಮಗೂ ಉಚಿತ. ಗುರುತಿನ ದಾಖಲೆಗಳ ಪರಿಶೀಲನೆ ಮತ್ತು ಅಪರಾಧ ದಾಖಲೆಗಳ ತಪಾಸಣೆ ಆ ಯೋಜನೆಯ ಮೂಲಕವೇ ನಡೆಯುತ್ತದೆ. ಈ ತಪಾಸಣೆಯನ್ನು ಇಲ್ಲಿ ಎಲ್ಲರೂ ಡಿಬಿಎಸ್ ಎಂದೇ ಕರೆಯುತ್ತಾರೆ. ಸ್ವಯಂಸೇವಕರಿಗೆ ಇದಕ್ಕೆ ಸರ್ಕಾರಿ ಶುಲ್ಕವಿಲ್ಲ. ಕಳೆದ 5 ವರ್ಷಗಳಲ್ಲಿ ನೀವು ವಾಸಿಸಿದ ಎಲ್ಲ ವಿಳಾಸಗಳನ್ನು, ಭಾರತದವುಗಳನ್ನೂ ಸೇರಿಸಿ, ದಿನಾಂಕಗಳ ನಡುವೆ ಅಂತರ ಬಾರದಂತೆ ಕೊಡಬೇಕಾಗುತ್ತದೆ. ಹೊಸಬರ ಅರ್ಜಿಗಳು ತಡವಾಗುವುದು ಹೆಚ್ಚಾಗಿ ಇಲ್ಲಿಯೇ. ಡಿಬಿಎಸ್ ಹೊರದೇಶದ ಪೊಲೀಸ್ ದಾಖಲೆಗಳನ್ನು ನೋಡಲಾರದು. ಆದ್ದರಿಂದ ಈಚೆಗೆ ಬಂದವರಿಂದ ಕೆಲವು ಶಾಲೆಗಳು ಭಾರತದ ಪಾಸ್‌ಪೋರ್ಟ್ ಕಚೇರಿ ಕೊಡುವ ಪೊಲೀಸ್ ಕ್ಲಿಯರೆನ್ಸ್ ಸರ್ಟಿಫಿಕೇಟನ್ನೂ ಕೇಳುತ್ತವೆ. ಇದು ನಿಮ್ಮ ಮೇಲಿನ ಸಂಶಯವಲ್ಲ, ಹೊರದೇಶದಿಂದ ಬಂದ ಎಲ್ಲರಿಗೂ ಅಂಥ ಶಾಲೆಗಳು ಇಟ್ಟಿರುವ ನಿಯಮ. ಸ್ಕಾಟ್ಲೆಂಡಿನಲ್ಲಿ ಇದೇ ಕೆಲಸಕ್ಕೆ ಪಿವಿಜಿ ಎಂಬ ಬೇರೆ ವ್ಯವಸ್ಥೆ ಇದೆ.

ಇನ್ನು ತರಗತಿಯ ಒಳಗಿನ ಮಾತು. ನನ್ನ ಸಲಹೆ ಏನೆಂದರೆ, ನೀವು ಎಷ್ಟೇ ಓದಿದವರಾಗಿರಲಿ, ಪ್ರಾಥಮಿಕ ಶಾಲೆಯಿಂದ ಆರಂಭಿಸಿ. ಅಲ್ಲಿ ಒಬ್ಬರೇ ಶಿಕ್ಷಕರು ಇಂಗ್ಲಿಷ್, ಗಣಿತ, ಚರಿತ್ರೆ, ವಿಜ್ಞಾನ ಎಲ್ಲವನ್ನೂ ಕಲಿಸುತ್ತಾರೆ. ಮೂವತ್ತು ಮಕ್ಕಳ ಕೈಗೆ ತಂತಿ, ಬಲ್ಬು ಕೊಟ್ಟು ಪ್ರಯೋಗ ಮಾಡಿಸುವಾಗ ಇನ್ನೊಂದು ಜೊತೆ ಕೈಗಳಿದ್ದರೆ ಅವರಿಗೆ ಆಗುವ ಸಹಾಯ ದೊಡ್ಡದು. ರಾಷ್ಟ್ರೀಯ ಪಠ್ಯಕ್ರಮದ ಪ್ರಕಾರ ಇಯರ್ ಫೋರ್‌ನಲ್ಲಿ, ಅಂದರೆ ಎಂಟು ಒಂಬತ್ತು ವರ್ಷದ ಮಕ್ಕಳಿಗೆ, ಸರಳ ವಿದ್ಯುತ್ ಮಂಡಲ ಮತ್ತು ವಾಹಕ, ಅವಾಹಕಗಳ ಪಾಠ ಇರುತ್ತದೆ. ಒಂದು ಸೆಲ್, ಒಂದು ಬಲ್ಬು, ನಡುವೆ ಬಿಟ್ಟ ಜಾಗದಲ್ಲಿ ಬಗೆಬಗೆಯ ವಸ್ತುಗಳನ್ನಿಟ್ಟು ಬಲ್ಬು ಹೊತ್ತುತ್ತದೆಯೇ ನೋಡುವುದು ಅಲ್ಲಿನ ಪ್ರಯೋಗ. ಅಂಥ ಒಂದು ಗುಂಪಿನಲ್ಲಿ ಮಕ್ಕಳು ಬಣ್ಣದ ಪೇಪರ್ ಕ್ಲಿಪ್ ಇಟ್ಟರು, ಬಲ್ಬು ಹೊತ್ತಲಿಲ್ಲ. ಲೋಹವೆಲ್ಲ ವಿದ್ಯುತ್ತನ್ನು ಹರಿಸುತ್ತದೆ ಎಂದು ಆಗಷ್ಟೇ ಬರೆದುಕೊಂಡಿದ್ದ ಹುಡುಗಿಯೊಬ್ಬಳು ಸೆಲ್ ಸತ್ತಿದೆ ಎಂದಳು, ಸೆಲ್ ಬದಲಿಸಿದಳು. ತಂತಿ ಸಡಿಲವಾಗಿದೆ ಎಂದು ಬಿಗಿಮಾಡಿದಳು. ಕೊನೆಗೆ ಪಕ್ಕದ ಹುಡುಗ ಕ್ಲಿಪ್ಪಿನ ತುದಿಯಲ್ಲಿ ಬಣ್ಣವಿಲ್ಲದ ಕಡೆ ತಂತಿಯನ್ನು ಮುಟ್ಟಿಸಿದಾಗ ಬಲ್ಬು ಮಿನುಗಿತು. ಮೇಲಿನ ಪ್ಲಾಸ್ಟಿಕ್ ಪದರದ ವಿಷಯವನ್ನು ಹೇಳಿಬಿಡಲು ಅರೆ ನಿಮಿಷ ಸಾಕಾಗಿತ್ತು. ಆದರೆ ಹೇಳದೆ ನಿಂತ ಆ ಹತ್ತು ನಿಮಿಷಗಳಲ್ಲಿ ಆ ಹುಡುಗಿ ಒಂದೊಂದೇ ಕಾರಣವನ್ನು ಬೇರೆ ಮಾಡಿ ಪರೀಕ್ಷಿಸುವುದನ್ನು ತಾನಾಗಿ ಮಾಡಿದ್ದಳು. ಉತ್ತರ ಗೊತ್ತಿರುವ ನಮಗೆ ಸುಮ್ಮನಿರುವುದು ಕಷ್ಟ. ಉತ್ತರ ಬರೆಸಿ ಕಲಿಸುವ ಪದ್ಧತಿಯಲ್ಲಿ ಬೆಳೆದವರಿಗಂತೂ ಇನ್ನೂ ಕಷ್ಟ. ಇದನ್ನು ಅಭ್ಯಾಸ ಮಾಡಿಕೊಳ್ಳಿ ಎಂದು ಕಳಕಳಿಯಿಂದ ಕೇಳಿಕೊಳ್ಳುತ್ತೇನೆ.

ಹೋಗುವ ಒಂದು ವಾರ ಮೊದಲೇ ಶಿಕ್ಷಕರಿಗೆ ಬರೆದು, ಯಾವ ಪಾಠ ನಡೆಯುತ್ತಿದೆ, ಮಕ್ಕಳು ಯಾವ ಪದಗಳನ್ನು ಬಳಸುತ್ತಿದ್ದಾರೆ, ಅವರಿಗೆ ನಿಮ್ಮಿಂದ ಏನು ಬೇಕು ಎಂದು ಕೇಳಿ. ಸ್ಲೈಡುಗಳನ್ನು ಮನೆಯಲ್ಲಿಯೇ ಬಿಡಿ. ಮಕ್ಕಳಿಗೆ ತೋರಿಸಿ ಕಲಿಸುವ ಪರಂಪರೆ ಈ ದೇಶದಲ್ಲಿ ಹಳೆಯದು: ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್ನಿನ ಕ್ರಿಸ್ಮಸ್ ಉಪನ್ಯಾಸಗಳು 1825ರಲ್ಲಿ ಆರಂಭವಾದವು, ಮೈಕಲ್ ಫ್ಯಾರಡೆ ಅಲ್ಲಿ ಒಂದು ಮೇಣದ ಬತ್ತಿಯನ್ನೇ ಇಟ್ಟುಕೊಂಡು ರಸಾಯನಶಾಸ್ತ್ರವನ್ನು ಹೇಳಿದರು. ಈಗಿನ ಉಪನ್ಯಾಸಗಳು ಟಿವಿಯಲ್ಲಿ ಬರುತ್ತವೆ. ಒಂದೆರಡನ್ನು ನೋಡಿದರೆ ಇಲ್ಲಿನ ಮಕ್ಕಳೊಡನೆ ಮಾತಾಡುವ ವೇಗವೂ ಧಾಟಿಯೂ ಗೊತ್ತಾಗುತ್ತವೆ. ನಮ್ಮ ಉಚ್ಚಾರಣೆ ಮಕ್ಕಳಿಗೆ ಹೊಸದು. ನಿಧಾನವಾಗಿ ಮಾತಾಡಿ, ಹೊಸ ಪದವನ್ನು ಬೋರ್ಡಿನ ಮೇಲೆ ಬರೆದರೆ ತೊಂದರೆ ಅಲ್ಲಿಗೇ ಮುಗಿಯುತ್ತದೆ.

ಮಕ್ಕಳ ಸುರಕ್ಷತೆಯ ವಿಷಯದಲ್ಲಿ ರಿಯಾಯಿತಿ ಎಂಬುದಿಲ್ಲ. ಯಾವ ಮಗುವಿನೊಂದಿಗೂ ಒಬ್ಬರೇ ಕೋಣೆಯಲ್ಲಿರಬೇಡಿ. ಫೋನಿನಲ್ಲಿ ಫೋಟೋ ತೆಗೆಯಬೇಡಿ. ಮಕ್ಕಳೊಂದಿಗೆ ಫೋನ್ ನಂಬರ್ ಆಗಲಿ ಸಾಮಾಜಿಕ ಜಾಲತಾಣದ ಖಾತೆಯಾಗಲಿ ಹಂಚಿಕೊಳ್ಳಬೇಡಿ. ಮಗು ತನ್ನ ಮನೆಯ ಕಷ್ಟವನ್ನೋ ಯಾರೋ ನೋಯಿಸಿದ್ದನ್ನೋ ಹೇಳಿಕೊಂಡರೆ, ಯಾರಿಗೂ ಹೇಳುವುದಿಲ್ಲ ಎಂದು ಮಾತು ಕೊಡಬೇಡಿ. ಸಮಾಧಾನದಿಂದ ಕೇಳಿಸಿಕೊಂಡು, ಅದೇ ದಿನ ಶಾಲೆಯ ಸೇಫ್‌ಗಾರ್ಡಿಂಗ್ ಹೊಣೆ ಹೊತ್ತವರಿಗೆ ಮಗುವಿನ ಮಾತುಗಳಲ್ಲಿಯೇ ತಿಳಿಸಬೇಕು. ಅವರ ಹೆಸರನ್ನು ಮೊದಲ ದಿನವೇ ಕೇಳಿ ತಿಳಿದುಕೊಳ್ಳಿ. ಪ್ರಯೋಗಗಳ ವಿಷಯವೂ ಹಾಗೆಯೇ: ಮನೆಯಿಂದ ರಾಸಾಯನಿಕ ಒಯ್ಯಬೇಡಿ, 230 ವೋಲ್ಟಿನ ಮನೆ ವಿದ್ಯುತ್ತನ್ನು ಬಳಸುವ ಸ್ವಂತ ಉಪಕರಣ ತೋರಿಸಬೇಡಿ. ಶಾಲೆಯ ಪ್ರಯೋಗಗಳ ಸುರಕ್ಷತೆಗೆ ಸಲಹೆ ಕೊಡುವ ಕ್ಲೀಪ್ಸ್ ಎಂಬ ಸಂಸ್ಥೆಯ ಮಾರ್ಗಸೂಚಿ ಶಿಕ್ಷಕರ ಬಳಿ ಇರುತ್ತದೆ; ಅದರಲ್ಲಿ ಇರುವಷ್ಟೇ ಮಾಡಿ.

ಕಂಪ್ಯೂಟರ್ ಕ್ಷೇತ್ರದವರಿಗೆ ಮಕ್ಕಳಿಗೆ ಪ್ರೋಗ್ರಾಮಿಂಗ್ ಕಲಿಸುವ ಕೋಡ್ ಕ್ಲಬ್ ಒಳ್ಳೆಯದು. 2012ರಲ್ಲಿ ಆರಂಭವಾಗಿ 2015ರಲ್ಲಿ ರಾಸ್‌ಬೆರಿ ಪೈ ಫೌಂಡೇಶನ್ನಿನ ಭಾಗವಾದ ಈ ಕ್ಲಬ್ಬುಗಳು ಶಾಲೆ ಬಿಟ್ಟ ಮೇಲೆ ವಾರಕ್ಕೆ ಸುಮಾರು ಒಂದು ಗಂಟೆ, ಶಾಲೆಗಳಲ್ಲಿ, ಗ್ರಂಥಾಲಯಗಳಲ್ಲಿ ನಡೆಯುತ್ತವೆ. ಸ್ಕ್ರ್ಯಾಚ್, ಪೈಥಾನ್ ಪಾಠಗಳು ಸಿದ್ಧವಾಗಿಯೇ ಸಿಗುತ್ತವೆ. ಪ್ರೌಢಶಾಲೆಯ ಮಕ್ಕಳೊಂದಿಗೆ ಆಳವಾಗಿ ಕೆಲಸ ಮಾಡಬಯಸುವವರು ಬ್ರಿಟಿಷ್ ಸೈನ್ಸ್ ಅಸೋಸಿಯೇಷನ್ ಕೊಡುವ ಕ್ರೆಸ್ಟ್ ಪ್ರಶಸ್ತಿಗಾಗಿ ಮಕ್ಕಳು ಮಾಡುವ ವಿಜ್ಞಾನ ಯೋಜನೆಗಳಿಗೆ ಮಾರ್ಗದರ್ಶಕರಾಗಬಹುದು. ಕಂಚಿನ ಮಟ್ಟಕ್ಕೆ ಸುಮಾರು 10 ಗಂಟೆ, ಬೆಳ್ಳಿಗೆ 30, ಚಿನ್ನಕ್ಕೆ 70 ಗಂಟೆಗಳ ಕೆಲಸವನ್ನು ಮಕ್ಕಳು ಮಾಡಬೇಕಾಗುತ್ತದೆ.

ಸಮಯದ ಬಗ್ಗೆ ಒಂದು ಮಾತು. ಮಾರ್ಚ್ ತಿಂಗಳ ಬ್ರಿಟಿಷ್ ಸೈನ್ಸ್ ವೀಕ್‌ಗೆ ಬಹಳಷ್ಟು ಶಾಲೆಗಳು ಜನರನ್ನು ಕರೆಯುತ್ತವೆ, ಆಗ ಅವಕಾಶ ಸುಲಭವಾಗಿ ಸಿಗುತ್ತದೆ. ಆದರೆ ಶಾಲಾ ವರ್ಷ ಆರಂಭವಾಗುವ ಸೆಪ್ಟೆಂಬರಿನಲ್ಲಿ ಬರೆದು, ವಾರಕ್ಕೊಂದು ಮಧ್ಯಾಹ್ನವನ್ನು ಒಂದು ಟರ್ಮ್ ಪೂರ್ತಿ ಕೊಡುತ್ತೇನೆಂದು ಹೇಳಿದವರನ್ನು ಶಾಲೆಗಳು ಹೆಚ್ಚು ಆದರಿಸುತ್ತವೆ. ಅನೇಕ ಕಂಪನಿಗಳು ಇಂಥ ಸೇವೆಗೆ ಸಂಬಳ ಸಹಿತ ರಜೆ ಕೊಡುತ್ತವೆ. ಎಚ್‌ಆರ್ ವಿಭಾಗದಲ್ಲಿ ವಿಚಾರಿಸಿ. ಬರಲಾಗದ ದಿನ ಇದ್ದರೆ ಹಿಂದಿನ ದಿನವಾದರೂ ತಿಳಿಸಿ, ಏಕೆಂದರೆ ನಿಮ್ಮನ್ನು ನಂಬಿಕೊಂಡೇ ಪ್ರಯೋಗದ ಪಾಠವನ್ನು ಇಟ್ಟುಕೊಂಡಿರುತ್ತಾರೆ.

ಈ ಸೇವೆಯಿಂದ ಶಿಕ್ಷಕ ವೃತ್ತಿಯೇ ಬೇಕೆನಿಸಿದವರು ಒಂದನ್ನು ತಿಳಿದಿರಬೇಕು: ಸ್ವಯಂಸೇವೆ ಎಷ್ಟು ವರ್ಷ ಮಾಡಿದರೂ ಅದು ಕ್ಯೂಟಿಎಸ್ ಎಂಬ ಶಿಕ್ಷಕ ಅರ್ಹತೆಗೆ ಸಮನಾಗುವುದಿಲ್ಲ. ಭಾರತದಲ್ಲಿ ಶಿಕ್ಷಕ ತರಬೇತಿ ಮುಗಿಸಿ 11ರಿಂದ 16 ವರ್ಷದ ಮಕ್ಕಳಿಗೆ ಗಣಿತ ಅಥವಾ ವಿಜ್ಞಾನ ಕಲಿಸಿದವರು 2023ರಿಂದ ನೇರವಾಗಿ ಅದಕ್ಕೆ ಅರ್ಜಿ ಸಲ್ಲಿಸಬಹುದಾಗಿದೆ. ಬಿ.ಎಡ್. ಪ್ರಮಾಣಪತ್ರ, ಅಂಕಪಟ್ಟಿ, ಹಿಂದಿನ ಶಾಲೆಯ ಅನುಭವ ಪತ್ರಗಳನ್ನು ಬರುವಾಗಲೇ ತಂದುಕೊಳ್ಳಿ. ಇಲ್ಲಿ ಕುಳಿತು ಅವುಗಳನ್ನು ತರಿಸಿಕೊಳ್ಳುವುದು ತಿಂಗಳುಗಟ್ಟಲೆ ಹಿಡಿಯುವ ಕೆಲಸ.