ಯುರೋಪಲ್ಲಿ ಸ್ಮಾರ್ಟ್ ಮೆಡಿಕಲ್ ಡಿವೈಸ್ ಮಾರ್ತೀರಾ? ಡೇಟಾ ಆಕ್ಟ್‌ಗೆ ಹೀಗೆ ರೆಡಿಯಾಗಿ

ಯುರೋಪಿಯನ್ ಯೂನಿಯನ್ನಿನ ಡೇಟಾ ಆಕ್ಟ್, ಅಂದ್ರೆ ಸ್ಮಾರ್ಟ್ ಡಿವೈಸಲ್ಲಿ ಹುಟ್ಟೋ ಡೇಟಾನ ಅದರ ಯೂಸರ್‌ಗೆ ಕೊಡ್ಬೇಕು ಅನ್ನೋ ಕಾನೂನು, 2025ರ ಸೆಪ್ಟೆಂಬರ್ 12ರಿಂದ ಅನ್ವಯ ಆಗ್ತಿದೆ, ಆದ್ರೂ "ನಮ್ದು ಮೆಡಿಕಲ್ಲು, ಎಂಡಿಆರ್ (ಮೆಡಿಕಲ್ ಡಿವೈಸ್ ನಿಯಮ), ಜಿಡಿಪಿಆರ್ (ಖಾಸಗಿ ಡೇಟಾ ರಕ್ಷಣೆ ನಿಯಮ) ಪಾಲಿಸ್ತೀವಲ್ಲ, ಇದೆಲ್ಲ ಫ್ರಿಜ್ಜು ಕಾರು ಮಾಡೋರಿಗೆ" ಅಂತ ಕೈಕಟ್ಟಿ ಕೂತವರು ಸಿಕ್ಕಾಪಟ್ಟೆ ಇದ್ದಾರೆ. ಡೇಟಾ ಹೊರಗೆ ಕಳಿಸೋ ಗ್ಲೂಕೋಸ್ ಸೆನ್ಸರ್ರು, ಇನ್ಸುಲಿನ್ ಪಂಪು ಎಲ್ಲದಕ್ಕೂ ಇದು ಅನ್ವಯಿಸುತ್ತೆ. ಸಣ್ಣ ಕಂಪನಿ ಆಗಿದ್ರೆ ವಿನಾಯಿತಿ ಇದೆ, ಮೊದ್ಲು ಅದನ್ನ ಚೆಕ್ ಮಾಡ್ಕೊಳ್ಳಿ.

ಆಮೇಲೆ ಯೂಸರ್ ಯಾರು ಅಂತ ಗುರುತಿಸಿ. ಡಿವೈಸ್ ರೋಗಿದಾದ್ರೆ ರೋಗಿ, ಆಸ್ಪತ್ರೆ ಕೊಂಡಿದ್ರೆ ಅಥವಾ ಲೀಸ್‌ಗೆ ತಗೊಂಡಿದ್ರೆ ಆಸ್ಪತ್ರೆ. ಆದ್ರೆ ಆಸ್ಪತ್ರೆ ಕೇಳ್ತು ಅಂತ ರೋಗಿಯ ಡೇಟಾ ಎತ್ತಿ ಕೊಡಂಗಿಲ್ಲ, ಜಿಡಿಪಿಆರ್‌ನ 6 ಮತ್ತು 9ನೇ ವಿಧಿಯಲ್ಲಿ ಅದಕ್ಕೆ ಆಧಾರ ಇರ್ಬೇಕು.

ಎಲ್ಲರೂ ಎಡವೋದು ಮುಂದಿನ ಹಂತದಲ್ಲಿ: ಯಾವ ಡೇಟಾ ಕೊಡ್ಬೇಕು, ಯಾವುದು ಬೇಡ. ಒಂದು ಶೀಟ್ ತೆಗೆದು ಡಿವೈಸಿಂದ ಬರೋ ಒಂದೊಂದು ಫೀಲ್ಡನ್ನೂ ಒಂದೊಂದು ಸಾಲಲ್ಲಿ ಬರೀರಿ. ಗ್ಲೂಕೋಸ್ ಸೆನ್ಸರನ್ನೇ ತಗೊಳ್ಳಿ, ಎಲೆಕ್ಟ್ರೋಡಿನ ಕರೆಂಟು ಕಚ್ಚಾ ಡೇಟಾ, ಅದು ಕೊಡ್ಬೇಕು. ಅದನ್ನ ಕ್ಯಾಲಿಬ್ರೇಟ್ ಮಾಡಿ ಬಂದ ಗ್ಲೂಕೋಸ್ ನಂಬರ್ರು? "ನಮ್ಮ ಅಲ್ಗಾರಿದಮ್ಮು, ಕೊಡಲ್ಲ" ಅಂತಾರೆ, ಆದ್ರೆ ಸಿಗ್ನಲ್ಲನ್ನ ಅರ್ಥ ಆಗೋ ಅಳತೆಗೆ ತಂದಿದ್ದಷ್ಟೇ ತಾನೇ, ಅದನ್ನೂ ಕೊಡ್ಬೇಕು, ಟೈಮ್‌ಸ್ಟ್ಯಾಂಪು, ಯೂನಿಟ್ಟಿನಂಥ ಮೆಟಾಡೇಟಾ ಜೊತೆಗೆ. ಇನ್ನು ಸ್ವಂತ ಮಾಡೆಲ್ ಓಡಿಸಿ "ಇನ್ನರ್ಧ ಗಂಟೇಲಿ ಶುಗರ್ ಇಳಿಯುತ್ತೆ" ಅಂತ ಹೇಳೋ ಊಹೆ ಇದೆಯಲ್ಲ, ಅದನ್ನ ಹೊರಗಿಡಬಹುದು. ಪ್ರತಿ ಸಾಲಿನ ಮುಂದೆ ಕಾರಣನೂ ಬರೀರಿ. ರೆಡಿಮೇಡ್ ಟೆಂಪ್ಲೇಟ್ ಮಾರೋರಿದ್ದಾರೆ, ದಯವಿಟ್ಟು ಬೇಡ, ನಿಮ್ಮ ಫರ್ಮ್‌ವೇರ್ (ಡಿವೈಸ್ ಒಳಗಿನ ಸಾಫ್ಟ್‌ವೇರ್) ಏನು ಲಾಗ್ ಮಾಡುತ್ತೆ ಅಂತ ಅವರಿಗೇನು ಗೊತ್ತು? ಫರ್ಮ್‌ವೇರ್ ಬರೆದವರನ್ನೇ ಪಕ್ಕ ಕೂರಿಸ್ಕೊಳ್ಳಿ.

ಎಲ್ಲದರ ಮೇಲೂ ಟ್ರೇಡ್ ಸೀಕ್ರೆಟ್ ಅಂತ ಸೀಲ್ ಒತ್ತೋದು ಇನ್ನೊಂದು ಚಟ. ಹಾಗೆ ನಡೆಯಲ್ಲ. ಯಾವುದು ಸೀಕ್ರೆಟ್ ಅಂತ ಗುರುತಿಸಿ, ಅದನ್ನ ಕಾಪಾಡೋ ಷರತ್ತುಗಳನ್ನ ಯೂಸರ್ ಜೊತೆ ಮಾತಾಡ್ಕೊಂಡು ಹಂಚ್ಬೇಕು, ಕೊಡೋದೇ ಇಲ್ಲ ಅಂದ್ರೆ ಕಾರಣ ಬರೆದು ಕೊಟ್ಟು ಸಂಬಂಧಪಟ್ಟ ಪ್ರಾಧಿಕಾರಕ್ಕೂ ತಿಳಿಸ್ಬೇಕು.

ಉಳಿದಿದ್ದು ಸುಲಭ. ಯೂಸರ್‌ಗೆ ಡೇಟಾ ಫ್ರೀಯಾಗಿ ಕೊಡ್ಬೇಕು, ಅವರು ಹೇಳಿದ ಬೇರೆ ಕಂಪನಿಗೆ ಕೊಡುವಾಗ ಆ ಕಂಪನಿಯಿಂದ ನ್ಯಾಯವಾದ ಶುಲ್ಕ ತಗೋಬಹುದು. ಪಿಡಿಎಫ್ ರಿಪೋರ್ಟ್ ಕಳಿಸಿ ಕೈ ತೊಳ್ಕೊಳ್ಳೋ ಶಾರ್ಟ್‌ಕಟ್ ಮಾತ್ರ ಬೇಡ, ಮಷೀನ್ ಓದೋ ಫಾರ್ಮ್ಯಾಟ್ ಬೇಕು. ನಾನಂತೂ ಎಪಿಐನೇ (ಬೇರೆ ಸಾಫ್ಟ್‌ವೇರ್ ನೇರವಾಗಿ ಡೇಟಾ ತಗೊಳ್ಳೋ ದಾರಿ) ಮಾಡಿ ಅಂತೀನಿ, ಯಾಕಂದ್ರೆ 2026ರ ಸೆಪ್ಟೆಂಬರ್ 12ರ ನಂತರ ಮಾರ್ಕೆಟ್ಟಿಗೆ ಬಿಡೋ ಡಿವೈಸಲ್ಲಿ ಡೇಟಾ ಸುಲಭವಾಗಿ ಸಿಗೋ ಥರ ಡಿಸೈನಲ್ಲೇ ಇರ್ಬೇಕು.